ಟೋಬಿಗೆ ಅಭ್ಯಂಜನ

ನಾಯಿ ಸಾಕಿದ ಮನೆಯಲ್ಲಿ ನಗೆಗೆ ಬರ ಬರುವುದಿಲ್ಲ. ನಗುವವರು ಮಾತ್ರ ಯಾವಾಗಲೂ ಪಕ್ಕದ ಮನೆಯವರು. ನಾಲೆ ಇಲಾಖೆಯ ಓವರ್‌ಸಿಯರ್ ಆಗಿ ನಾನು ಮಂಡ್ಯ, ಮದ್ದೂರು, ಮಳವಳ್ಳಿ ಅಂತ ಸೈಕಲ್ ತುಳಿಯುತ್ತಿದ್ದ ಕಾಲದಲ್ಲಿ ನನ್ನ ಹಿಂದೆ ಒಂದು ನಾಯಿ ಓಡುತ್ತಿತ್ತು. ನಾಲೆಯ ನೀರು ಯಾರ ಗದ್ದೆಗೆ ಹರಿಯಿತು ಎಂದು ನೋಡಿದ್ದಕ್ಕಿಂತ ಆ ನಾಯಿ ಯಾವ ಕೆಸರಿನಲ್ಲಿ ಬಿದ್ದಿತು ಎಂದು ನೋಡಿದ್ದೇ ಹೆಚ್ಚು. ಸರ್ಕಾರಕ್ಕೆ ಆಗ ಇದು ಗೊತ್ತಿರಲಿಲ್ಲ. ಈಗ ಗೊತ್ತಾದರೂ ಪೆನ್ಷನ್ ನಿಲ್ಲಿಸುವಷ್ಟು ಚುರುಕು ಅದಕ್ಕಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

೧. ಅಮ್ಮನ ಷರತ್ತು

ಯುದ್ಧ ಶುರುವಾದಾಗ ನಮ್ಮ ಇಲಾಖೆಯಲ್ಲಿದ್ದ ಬಿಳಿ ಇಂಜಿನಿಯರ್ ಸಾಹೇಬರು ಸೈನ್ಯಕ್ಕೆ ಹೊರಟರು. ಬಂಗಲೆಯ ಕುರ್ಚಿ ಮೇಜುಗಳನ್ನೆಲ್ಲ ದೊಡ್ಡ ದೊಡ್ಡ ಅಧಿಕಾರಿಗಳು ಹಂಚಿಕೊಂಡರು. ಉಳಿದದ್ದು ನಾಯಿ. ಅದು ನನ್ನ ಪಾಲಿಗೆ ಬಂತು. ಹೆಸರು ಟೋಬಿ. ಕಾಫಿ ಬಣ್ಣ, ನೆಲ ಗುಡಿಸುವಂಥ ಕಿವಿ, ಮೈತುಂಬ ರೇಷ್ಮೆಯಂಥ ಉದ್ದ ಕೂದಲು. ಒಂದು ಕಡೆ ನಿಲ್ಲುವುದೆಂದರೆ ಅವನಿಗೆ ಜ್ವರ ಬಂದಿರಬೇಕು. "ದಿನಕ್ಕೆ ಎರಡು ಸಲ ಬ್ರಷ್, ವಾರಕ್ಕೊಂದು ಸ್ನಾನ" ಎಂದು ಸಾಹೇಬರು ನನ್ನ ಕೈ ಕುಲುಕಿದರು. ಕೈ ಕುಲುಕಿಸಿಕೊಂಡ ಸಂಭ್ರಮದಲ್ಲಿ ನಾನು "ಎಸ್ ಸಾರ್" ಅಂದುಬಿಟ್ಟೆ.

ಮನೆಗೆ ಕರೆತಂದಾಗ ಅಮ್ಮ ಜಗಲಿಯ ಮೇಲೆ ಬತ್ತಿ ಹೊಸೆಯುತ್ತಿದ್ದಳು. ಬ್ರಷ್ಷನ್ನು ಕಂಡು, "ಅದು ಹಂದಿ ಕೂದಲಲ್ಲವೇನೋ?" ಅಂದಳು. ಹೌದೋ ಅಲ್ಲವೋ ಎಂದು ನಾನು ತಿರುಗಿಸಿ ನೋಡುವಷ್ಟರಲ್ಲಿ ಅದು ಅವಳ ಊರುಗೋಲಿನ ತುದಿಯಿಂದ ತಿಪ್ಪೆಗೆ ಹೋಗಿತ್ತು.

ಆಮೇಲೆ ತೀರ್ಪು ಬಂತು. "ಜಗಲಿ ಮೇಲಿರಲಿ. ಶುಚಿಯಾಗಿದ್ದರೆ ಒಳಗೂ ಬರಲಿ, ನಾನೇನು ಕಟುಕಳಲ್ಲ. ಆದರೆ ಕೊಳೆ ಮೈಯಲ್ಲಿ ನನ್ನ ನಡುಮನೆ ಹೊಸಿಲು ದಾಟಿತೋ, ಮಾರನೇ ದಿನ ಅದು ಬೇರೆಯವರ ಮನೆಗೆ ಹೋಗಬೇಕು. ಇಲ್ಲದಿದ್ದರೆ ನಾನು ಮೈಸೂರಿಗೆ ನಿಮ್ಮಣ್ಣನ ಮನೆಗೆ ಹೋಗ್ತೀನಿ."

ಒಂದು ಮಾತು ಹೇಳಬೇಕು. ಹಿಂದಿನ ವರ್ಷ ನಮಗೆ ಹುಟ್ಟಿದ ಕೂಸು ಉಳಿದಿರಲಿಲ್ಲ. ಆಮೇಲೆ ನನ್ನ ಹೆಂಡತಿ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಆವತ್ತು ಟೋಬಿ ಅವಳ ಸೆರಗು ಹಿಡಿದು ಹಿತ್ತಲ ತುಂಬ ಎಳೆದಾಡಿದಾಗ ಅವಳು ಗಟ್ಟಿಯಾಗಿ ನಕ್ಕಳು. ಅದನ್ನು ಕೇಳಿ ನನಗೆ ಕಣ್ಣು ತುಂಬಿತು. ಈ ನಾಯಿ ಈ ಮನೆ ಬಿಟ್ಟು ಹೋಗಬಾರದು ಎಂದು ಆಗಲೇ ತೀರ್ಮಾನಿಸಿದೆ.

ಅಮ್ಮನ ಷರತ್ತನ್ನು ಅಣ್ಣನಿಗೂ ತಿಳಿಸಿದೆ. ಸೋಪು ಸಿಗುವುದೇ ದುರ್ಲಭವಾಗಿದ್ದ ಆ ದಿನಗಳಲ್ಲಿ ಅವನು ಎಲ್ಲಿ ಹುಡುಕಿದನೋ, ಯಾರನ್ನು ಕಾಡಿದನೋ, ನಾಯಿಗೆಂದು ಒಂದು ಪೆಟ್ಟಿಗೆ ಸೋಪನ್ನು ಮೈಸೂರಿನಿಂದ ಮೊದಲ ಬಸ್ಸಿಗೇ ಕಳಿಸಿಕೊಟ್ಟ.

೨. ಶನಿವಾರದ ಎಣ್ಣೆ

ಆ ಸೋಪಿನಲ್ಲಿ ಅರ್ಧವನ್ನು ಇಲಿ ತಿಂದಿತು, ಅರ್ಧವನ್ನು ಟೋಬಿ ತಿಂದ. ಇನ್ನು ನಮ್ಮ ಪದ್ಧತಿಯೇ ಗತಿ ಎಂದು ಒಂದು ಶನಿವಾರ ಅವನಿಗೂ ಎಣ್ಣೆಸ್ನಾನ ಗೊತ್ತುಮಾಡಿದೆವು. ಹಿತ್ತಲಿನ ಬಾವಿಯ ಹತ್ತಿರ ನಿಲ್ಲಿಸಿ ನಾನು ತಲೆಯಿಂದ ಬಾಲದವರೆಗೆ ಹರಳೆಣ್ಣೆ ತಿಕ್ಕಿದೆ. ಅವನು ಕಣ್ಣು ಮುಚ್ಚಿಕೊಂಡು ಮಾವನ ಮನೆಗೆ ಬಂದ ಅಳಿಯನ ಹಾಗೆ ನಿಂತಿದ್ದ. ಹೆಂಡತಿ ಸೀಗೆಪುಡಿಯ ಬಟ್ಟಲು ಹಿಡಿದು ಬಂದಳು. ಅದರ ಘಾಟು ಮೂಗಿಗೆ ಬಡಿದದ್ದೇ ತಡ, ಅಳಿಯ ಬೇಲಿ ಹಾರಿದ.

ಎಣ್ಣೆ ಹಚ್ಚಿದ ನಾಯಿಯನ್ನು ಹಿಡಿಯುವುದು ಹೇಗೆ ಎಂದು ಯಾವ ಇಂಜಿನಿಯರಿಂಗ್ ಶಾಲೆಯಲ್ಲೂ ಹೇಳಿಕೊಡುವುದಿಲ್ಲ. ಕಿವಿ ಹಿಡಿದರೆ ಕಿವಿ ಜಾರಿತು, ಕಾಲು ಹಿಡಿದರೆ ಕಾಲು. ನಾನು ಅಡ್ಡಪಂಚೆ ಎತ್ತಿ ಕಟ್ಟಿ ಬೀದಿಯಲ್ಲಿ ಓಡಿದೆ. ಎದುರುಮನೆಯ ಸೌದೆ ಮಂಡಿ ಗೌಡರು ಇಡೀ ದೇಹದಿಂದ ಅವನನ್ನು ತಬ್ಬಿ ಹಿಡಿದರು. ಅವನು ಅವರ ತೋಳಿನೊಳಗಿಂದ ಮೇಲಕ್ಕೆ ಚಿಮ್ಮಿ ಅವರ ಭುಜದ ಮೇಲಿಂದ ಹಿಂದಕ್ಕೆ ಇಳಿದ.

"ಏನ್ ಸಾಮಿ, ಇವ್ನ ದಸರಾ ಕುಸ್ತಿಗ್ ಬುಡ್ತೀರಾ? ಪಟ್ಟಿಗೇ ಸಿಕ್ಕಾಕಿಲ್ವಲ್ಲಾ!" ಎಂದು ಗೌಡರು ನೆಲದ ಮೇಲೆ ಕೂತು ಕೇಳಿದರು. ಅವರ ಬಿಳಿ ಅಂಗಿಯಲ್ಲಿ ನಾಯಿಯ ಪೂರ್ತಿ ಚಿತ್ರ ಮೂಡಿತ್ತು, ಬಾಲ ಸಹಿತ.

ಅಷ್ಟರಲ್ಲಿ ಟೋಬಿ ಹೋಟೆಲಿನ ಹಿಂದಿನ ಬೂದಿಗುಡ್ಡೆಯ ಮೇಲೆ ಹೊರಳಿ ಎದ್ದಿದ್ದ. ಮೈಯೆಲ್ಲ ಬೆಳ್ಳಗೆ, ಎರಡು ಕಣ್ಣು ಮಾತ್ರ ಕೆಂಪಗೆ. ಹಾಲಿನ ಚೊಂಬು ಹಿಡಿದು ಬರುತ್ತಿದ್ದ ಒಬ್ಬ ಮುದುಕಿ ಅವನು ನಿಂತ ಭಂಗಿ ನೋಡಿ ಗಾಬರಿಯಿಂದ ಚೊಂಬು ಕೆಳಗಿಟ್ಟು ಕೈಮುಗಿದಳು. ಹಾಲು ಖಾಲಿಯಾಗುವವರೆಗೆ ಟೋಬಿಯೂ ಅವಳಿಗೆ ದರ್ಶನ ಕೊಟ್ಟ.

೩. ಹೊಸ ಸೋಪು

ಕೆರಗೋಡಿನ ಹತ್ತಿರ ಒಂದು ತೂಬು ನೋಡಲು ಹೋಗಿದ್ದೆ. ಪಕ್ಕದಲ್ಲೇ ಆಲೆಮನೆ. ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಮಡ್ಡಿಯನ್ನು ತೆಗೆದು ಹೊರಗೊಂದು ಗುಂಡಿಗೆ ಸುರಿದು ಆರಲು ಬಿಟ್ಟಿದ್ದರು. ಅವರು ಕೊಟ್ಟ ಕಬ್ಬಿನ ಹಾಲು ಕುಡಿದು ನಾನು ಮೀಸೆ ಒರೆಸಿಕೊಳ್ಳುವುದರೊಳಗೆ ಟೋಬಿ ಆ ಗುಂಡಿಯ ಆಳ ಅಳೆದು ಬಂದ. ಬಂದವನು ಸುಮ್ಮನಿದ್ದನೇ? ಒಣಗಲು ಹರಡಿದ್ದ ಕಬ್ಬಿನ ಸಿಪ್ಪೆಯ ಮೇಲೆ ಉರುಳಿದ. ಎದ್ದಾಗ ಅವನಿಗೆ ಮುಖ ಯಾವ ಕಡೆ ಎಂದು ಹೇಳುವಂತಿರಲಿಲ್ಲ.

ಆಲೆಮನೆ ಯಜಮಾನ ಹೊಟ್ಟೆ ಹಿಡಿದುಕೊಂಡು ನಕ್ಕ. "ಸಾಮಿ, ಇಂಗೇ ಕರ್ಕೊಂಡೋದ್ರೆ ದಾರೀಲಿ ಇರ್ವೆ ಒತ್ಕೊಂಡೋಯ್ತವೆ. ಇಲ್ಲೇ ಬುಟ್ಟೋಗಿ, ಅಚ್ಗೆ ಉಯ್ದು ಬೆಲ್ಲ ಮಾಡಿ ಕಳುಸ್ತೀನಿ."

ನನಗೆ ನಗು ಬರಲಿಲ್ಲ. ಮನೆಯಲ್ಲಿ ಅಮ್ಮ ಜಗಲಿಯ ಮೇಲೆ ಕಾದಿರುತ್ತಾಳೆ. ಇವನೋ ಬಾಗಿಲು ತೆರೆದಿದ್ದರೆ ನೇರ ನಡುಮನೆಗೇ ನುಗ್ಗುವ ಗಿರಾಕಿ. ಇನ್ನೇನು ಇವನ ಋಣ ತೀರಿತು ಎಂದುಕೊಂಡು ಸೈಕಲ್ ಹತ್ತಿದೆ. ಊರ ಬಾಗಿಲಿಗೆ ಬಂದಾಗ ಒಂದು ಬೀದಿನಾಯಿ ಹತ್ತಿರ ಬಂದು ಟೋಬಿಯ ಬೆನ್ನನ್ನು ಅನುಮಾನದಿಂದ ನೆಕ್ಕಿತು. ನಿಂತು ಯೋಚಿಸಿತು. ಇನ್ನೊಮ್ಮೆ ನೆಕ್ಕಿತು. ಆಮೇಲೆ ಅದು ಯಾರಿಗೆ ಹೇಳಿಕಳಿಸಿತೋ, ಕೆರಗೋಡಿನ ಸಮಸ್ತ ನಾಯಿಗಳೂ ಬಂದವು. ಮೊದಲು ಒಂದಷ್ಟು ಜಗಳವಾಯಿತು. ಆಮೇಲೆ ನಮ್ಮ ಪಂಚಾಯಿತಿಗಳಲ್ಲಿ ನಾನು ಎಂದೂ ಕಾಣದ ಒಗ್ಗಟ್ಟಿನಿಂದ ಎಡ ಬಲ ಹಂಚಿಕೊಂಡು ಕೆಲಸ ಶುರುಮಾಡಿದವು. ಟೋಬಿ ಸಾಹೇಬರ ಮನೆಯಲ್ಲಿ ಬೆಳೆದವನು. ಸೇವೆ ಮಾಡಿಸಿಕೊಳ್ಳುವುದು ಅವನಿಗೆ ಹೊಸದಲ್ಲ. ಗಂಭೀರವಾಗಿ ನಡೆಯುತ್ತಿದ್ದ. ಮುಂದೆ ನಾನು ಸೈಕಲ್ ತಳ್ಳಿಕೊಂಡು, ಹಿಂದೆ ಈ ಮೆರವಣಿಗೆ. ಮಂಡ್ಯದ ಸೇತುವೆ ದಾಟುವ ಹೊತ್ತಿಗೆ ಅವನು ಸಾಹೇಬರ ಕಾಲದಲ್ಲೂ ಹೊಳೆಯದಷ್ಟು ಹೊಳೆಯುತ್ತಿದ್ದ.

ಅಮ್ಮ ಊರುಗೋಲಿನಿಂದ ಅವನ ಕಿವಿ ಎತ್ತಿ ನೋಡಿದಳು. ಹೊಟ್ಟೆಯ ಕೆಳಗೆ ನೋಡಿದಳು. ಮೂಗು ಅರಳಿಸಿದಳು.

"ಯಾವ ಸೋಪೋ ಇದು? ಘಮ್ ಅಂತಿದೆ."

"ಕೆರಗೋಡಿನ ಕಡೆ ಸೋಪಮ್ಮ. ಹೊಸದು."

"ಈ ಕಾಲದಲ್ಲಿ ಇಂಥ ಸೋಪು ನಾಯಿಗೆ ಹಾಕ್ತೀಯಲ್ಲ, ಬುದ್ಧಿ ಬೇಡವೇ? ಮತ್ತೆ ಆ ಕಡೆ ಹೋದಾಗ ನನಗೂ ಒಂದು ಕಟ್ಟಿಸಿಕೊಂಡು ಬಾ."

೪. ಖರಾರ

ಬ್ರಷ್ಷು ತಿಪ್ಪೆ ಸೇರಿದ ಮೇಲೆ ಟೋಬಿಯ ಕೂದಲು ಗಂಟುಗಂಟಾಗತೊಡಗಿತು. ಬಾಚಣಿಗೆ ಹಾಕಿದರೆ ಹಲ್ಲು ಮುರಿಯುತ್ತಿತ್ತು, ಬಾಚಣಿಗೆಯದು. ಒಂದು ದಿನ ಮಂಡ್ಯ ಸ್ಟೇಷನ್ನಿನ ಮುಂದೆ ಜಟಕಾ ಸಾಬರು ತಮ್ಮ ಕುದುರೆಗೆ ಖರಾರ ಮಾಡುತ್ತಿದ್ದರು. ಖರಾರ ಅಂದರೆ ಕುದುರೆಯ ಮೈ ತಿಕ್ಕುವ ಬಿರುಸು ಬ್ರಷ್ಷು, ಆ ತಿಕ್ಕುವಿಕೆಗೂ ಅದೇ ಹೆಸರು. ನಮ್ಮ ಟೋಬಿಯ ಅವತಾರ ನೋಡಿ ಅವರಿಗೆ ಮರುಕವಾಯಿತು.

"ಬಿಡಿ ಸಾಮಿ ಇಲ್ಲಿ. ಕುದ್ರೇದು ಕೂದ್ಲಾದ್ರೆ ಏನು, ಕುತ್ತೇದು ಆದ್ರೆ ಏನು? ಮೈ ಒಂದೇ ಅಲ್ವಾ" ಎಂದು ಅವನ ಮೈಯನ್ನೂ ಎರಡು ಸಲ ತಿಕ್ಕಿದರು. ಟೋಬಿ ಮೊದಲ ಸಲ ಕೊನೆಯವರೆಗೂ ಒಂದೇ ಕಡೆ ನಿಂತ. ಮಾರನೇ ಬೆಳಗಿನಿಂದ ಯಾರೂ ಹೇಳದೆ ತಾನೇ ಹೋಗಿ ಕುದುರೆಯ ಪಕ್ಕ ಸಾಲಿನಲ್ಲಿ ನಿಲ್ಲತೊಡಗಿದ. ಸಾಬರು ಕುದುರೆಗೆ ಆದ ಮೇಲೆ ಅವನಿಗೆ ಮಾಡುತ್ತಿದ್ದರು. ಬರಬರುತ್ತ ಕುದುರೆಗೂ ಅದು ಅಭ್ಯಾಸವಾಗಿ, ಟೋಬಿಯದು ಮುಗಿಯುವ ತನಕ ಅದು ಹೆಜ್ಜೆ ಎತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಮ್ಮ ಎಕ್ಸಿಕ್ಯುಟಿವ್ ಇಂಜಿನಿಯರು ತುರ್ತಾಗಿ ಯಾವುದೋ ಬಂಗಲೆಗೆ ಹೋಗಬೇಕಾಗಿತ್ತು. ಸರಿಗೆ ಪೇಟ, ಮುಚ್ಚುಕೋಟು, ಕೈಯಲ್ಲಿ ನಕ್ಷೆಯ ಸುರುಳಿ. ಅವರು ಜಟಕಾ ಹತ್ತಿ ಕೂತರು. ಕುದುರೆ ಅಲ್ಲಾಡಲಿಲ್ಲ. ಸಾಬರು ಕೆಳಗೆ ಟೋಬಿಯ ಬಲಗಡೆ ತಿಕ್ಕುತ್ತಿದ್ದರು.

"ಹೊರಡಯ್ಯಾ! ದಿವಾನರು ಕಾಯ್ತಿರ್ತಾರೆ!"

"ನಾನು ತಯಾರು ಸಾಬ್. ಕುದ್ರೆ ಒಪ್ಪೋದಿಲ್ಲ. ಇದ್ರದು ಇನ್ನೂ ಒಂದು ಕಡೆ ಬಾಕಿ."

ಇಂಜಿನಿಯರು ಗಡಿಯಾರ ನೋಡಿದರು. ಕುದುರೆಯನ್ನು ನೋಡಿದರು. ಕುದುರೆಯೂ ಅವರನ್ನು ತಿರುಗಿ ನೋಡಿತು. "ಇನ್ನೊಂದು ಬ್ರಷ್ಷಿದೆಯೇನಯ್ಯ?" ಎಂದು ಕೇಳಿ ಕೆಳಗಿಳಿದರಂತೆ. ಪೇಟ ತೆಗೆದು ಸೀಟಿನ ಮೇಲಿಟ್ಟರಂತೆ. ಇದನ್ನೆಲ್ಲ ಸಾಬರು ಹೇಳಿದಾಗ ನನ್ನ ಕೆಲಸ ಹೋಯಿತೆಂದೇ ಭಾವಿಸಿದೆ. ಮಧ್ಯಾಹ್ನ ಇಂಜಿನಿಯರು ನನ್ನನ್ನು ಕರೆಸಿದರು. ನಾನು ಕೈಕಟ್ಟಿ ನಿಂತೆ. ಅವರು ಕಾಗದದಿಂದ ತಲೆಯೆತ್ತದೆ ಅಂದರು: "ನಿಮ್ಮ ನಾಯಿಗೆ ಎಡಗಿವಿ ಹಿಂದೆ ಒಂದು ಗಂಟು ಹಾಗೇ ಉಳಿದಿದೆ. ಬಿಡಿಸೋಕೆ ಟೈಮಾಗಲಿಲ್ಲ. ನೋಡಿಕೊಳ್ಳಿ."

೫. ಮದ್ದೂರಿನಲ್ಲಿ

ಇದು ಚಿಕ್ಕದು. ಮದ್ದೂರಿನಲ್ಲಿ ಶಿಂಷಾ ಹೊಳೆಯ ಮರಳಿನಲ್ಲಿ ಟೋಬಿಗೆ ಒಳ್ಳೆಯ ಸ್ನಾನ ಮಾಡಿಸಿ ಸ್ಟೇಷನ್ನಿಗೆ ಕರೆತಂದೆ. ದಾರಿಯಲ್ಲಿ ಒಂದು ಗದ್ದೆ ಇತ್ತು, ಅದರಲ್ಲಿ ಕೆಸರು ಇತ್ತು, ಉಳಿದದ್ದನ್ನು ಹೇಳಬೇಕಾಗಿಲ್ಲ. ಪ್ಲಾಟ್‌ಫಾರಂ ಮೇಲೆ ಗರಿಗರಿ ಖಾದಿಯುಟ್ಟ ಕಾಂಗ್ರೆಸ್ಸಿನ ಹಿರಿಯರು ಕೆಲವರು ಯಾವುದೋ ಸಭೆಗೆ ಹೊರಟು ರೈಲಿಗೆ ಕಾಯುತ್ತ, ಮುತ್ತುಗದ ಎಲೆಯಲ್ಲಿ ವಡೆ ತಿನ್ನುತ್ತ ನಿಂತಿದ್ದರು. ಟೋಬಿ ಸರಿಯಾಗಿ ಅವರ ನಡುವೆ ಹೋಗಿ ನಿಂತು ಮೈ ಕೊಡವಿದ.

ಎಲ್ಲರ ಖಾದಿಯೂ ಚಿರತೆಯ ಚರ್ಮವಾಗಿತ್ತು. ನಾನು ಮುಂದೆ ಹೋಗಿ ತಪ್ಪಾಯಿತೆಂದೆ. ಹಿರಿಯರೊಬ್ಬರು ಕನ್ನಡಕ ಒರೆಸಿಕೊಂಡು ನನ್ನ ಇಲಾಖೆಯ ಬಿಲ್ಲೆ ನೋಡಿದರು.

"ಸರ್ಕಾರದವರೋ?"

"ಹೌದು ಸ್ವಾಮಿ."

"ಲಾಠಿ ಏಟು ತಿಂದಿದೀವಿ, ಜೈಲೂ ನೋಡಿದೀವಿ. ನಿಮ್ಮ ಸರ್ಕಾರ ಇಷ್ಟು ಚುರುಕಾಗಿ ಕೆಲಸ ಮಾಡಿದ್ದು ಇವತ್ತೇ ಕಂಡಿದ್ದು" ಎಂದು, ಮಿಕ್ಕ ವಡೆಯನ್ನು ಟೋಬಿಗೇ ಹಾಕಿದರು.

೬. ಮಳವಳ್ಳಿಯ ಕ್ಷೌರ

ಕೊನೆಗೂ ಆ ದಿನ ಬಂತು. ಕಿರುಗಾವಲು ಕಡೆಯ ಏರಿಗಳ ಮೇಲೆ ಸುತ್ತಾಡಿ ಬಂದ ಟೋಬಿಯ ಮೈತುಂಬ ಉತ್ತರಾಣಿ ಮುಳ್ಳು, ಕಪ್ಪು ಕೆಸರು. ನಾನು ಸೈಕಲ್ಲಿಗೆ ಸ್ಟ್ಯಾಂಡು ಹಾಕುತ್ತಿದ್ದಾಗ ಒಂದು ಬೆಕ್ಕು ಮನೆಯೊಳಗೆ ಓಡಿತು. ಹಿಂದೆಯೇ ಇವನು. ನಡುಮನೆಯಲ್ಲಿ ಅಮ್ಮನ ಮಡಿಸೀರೆ ಒಣಗುತ್ತಿತ್ತು. ಬೆಕ್ಕು ಕಿಟಕಿಯಿಂದ ಹಾರಿತು. ಟೋಬಿ ಮುಳ್ಳಿಗೆ ಸಿಕ್ಕ ಸೀರೆಯನ್ನು ಎಳೆದುಕೊಂಡು ಬೀದಿಗೆ ಬಂದ.

ಅಮ್ಮ ಕೂಗಾಡಿದ್ದರೆ ನನಗೆ ಧೈರ್ಯವಿರುತ್ತಿತ್ತು. ಅವಳು "ನಾಳೆ" ಎಂದಷ್ಟೇ ಹೇಳಿ ಒಳಗೆ ಹೋದಳು. ಹೆಂಡತಿ ಅವನ ಮೈಯ ಮುಳ್ಳು ಕೀಳುತ್ತ ಕೂತಳು. ಒಂದು ಕಿತ್ತರೆ ನಾಲ್ಕು ಉಳಿಯುತ್ತಿದ್ದವು. ಅವಳ ಕಣ್ಣೀರು ಅವನ ತಲೆಯ ಮೇಲೆ ಬೀಳುತ್ತಿತ್ತು. ಆದರೆ ಮಾತು ಮಾತೇ. ಪೂರಿಗಾಲಿಯ ಒಬ್ಬ ರೈತ, ಕಬ್ಬಿಗೆ ನರಿ ಕಾಟ ಅಂತ, ಬಹಳ ದಿನದಿಂದ ಈ ನಾಯಿಯನ್ನು ಕೇಳುತ್ತಿದ್ದ. ಮಾರನೇ ದಿನ ಮಳವಳ್ಳಿಗೆ ಬಂದು ಕರೆದುಕೊಂಡು ಹೋಗೆಂದು ಹೇಳಿಕಳಿಸಿದೆ.

ಪೆಟ್ರೋಲಿಲ್ಲದ ಕಾಲ. ಇದ್ದಿಲು ಒಲೆಯ ಬಸ್ಸು. ಮಳವಳ್ಳಿಯಲ್ಲಿ ಇಳಿದಾಗ ಟೋಬಿಯ ಮುಳ್ಳು, ಕೆಸರಿನ ಮೇಲೆ ಇದ್ದಿಲ ಮಸಿಯೂ ಕೂತಿತ್ತು. ಕೊಡುವ ನಾಯಿಯನ್ನು ಮರ್ಯಾದೆಯಾಗಿ ಕೊಡೋಣ ಎಂದು ಸಂತೆಮಾಳದ ಹುಣಸೆಮರದ ಕೆಳಗೆ ಕೂರುತ್ತಿದ್ದ ಕ್ಷೌರಿಕನ ಹತ್ತಿರ ಕರೆದುಕೊಂಡು ಹೋದೆ. ನಾಯಿಯನ್ನು ತೊಡೆಯ ಮೇಲೆ ಅದುಮಿ ಹಿಡಿದು ಕೂತು, "ಪೂರ್ತಿ ಬೋಳಿಸಿಬಿಡಪ್ಪ" ಅಂದೆ.

"ಈ ಕತ್ತೀಲಿ ನಾಯ್ ಬೋಳುಸ್ದೆ ಅಂದ್ರೆ ನಾಳೀಕ್ ನನ್ ಮುಂದೆ ಯಾವನ್ ಕೂತ್ಕತ್ತಾನೆ ಸಾಮಿ? ಕುರಿ ಕತ್ರಿ ಅದೆ, ಅದ್ರಲ್ ಮಾಡ್ತೀನಿ" ಎಂದ. ಒಂದು ಬದಿ ಮುಗಿಯುತ್ತಿದ್ದಂತೆ ಆಫೀಸಿನ ಜವಾನ ಬಂದು ಅಮಲ್ದಾರರು ಕರೆಯುತ್ತಾರೆ ಅಂದ. ನಾಯಿಯನ್ನು ಮರಕ್ಕೆ ಕಟ್ಟಿ ಹೊರಟೆ. "ಯಾರ್ ಮನೆ ನಾಯಿ ಸಾಮಿ?" ಎಂದು ಕ್ಷೌರಿಕ ಹಿಂದಿನಿಂದ ಕೇಳಿದ. "ನಮ್ಮ ಮನೇದೇ" ಅಂದೆ. "ಮನೇಲಿ ದೊಡ್ಡೋರು ಅವ್ರಾ?" "ಅಮ್ಮ ಇದಾಳೆ." ಆ ಪ್ರಶ್ನೆ ಯಾಕೆ ಎಂದು ನಾನು ಯೋಚಿಸಲಿಲ್ಲ.

ಹಿಂದಿರುಗಿ ಬಂದರೆ ಟೋಬಿ ಸ್ವಚ್ಛವಾಗಿದ್ದ. ಕ್ಷೌರಿಕ ಬಾವಿಯ ನೀರು ಹಾಕಿ ತೊಳೆದೂ ಇದ್ದ. ಮೈ ನುಣ್ಣಗೆ, ಮುಖ ನುಣ್ಣಗೆ. ನೆತ್ತಿಯ ಹಿಂದೆ ಮಾತ್ರ ಒಂದು ಹಿಡಿ ಕೂದಲು ಬಿಟ್ಟು, ಅಚ್ಚುಕಟ್ಟಾಗಿ ಗಂಟು ಹಾಕಿದ್ದ. ಜುಟ್ಟು.

"ಇದೇನಯ್ಯಾ!"

"ಇನ್ನೇನ್ ಸಾಮಿ? ಎತ್ತೋರು ಇರೋ ಮನೇಲಿ ಪೂರಾ ಬೋಳ್ಸಾಕಾಯ್ತದಾ? ಯಾರೋ ಓಗ್ಬುಟ್ರು ಅಂದ್ಕೊಳಾಕಿಲ್ವಾ ಜನ? ನಿಮ್ಮಮ್ಮಾರು ನೂರ್ ವರ್ಸ ಬಾಳ್ಲಿ, ನನ್ ಕೈಲಿ ಆ ಕೆಲ್ಸ ಮಾಡುಸ್ಬ್ಯಾಡಿ."

ಅದನ್ನೂ ಕತ್ತರಿಸು ಅಂದೆ. ಅವನು ಕಿವಿ ಮುಟ್ಟಿಕೊಂಡು ಹಿಂದೆ ಸರಿದ. ನನ್ನ ಟೋಪಿಯ ಕೆಳಗಿನ ಕೂದಲನ್ನೊಮ್ಮೆ ನೋಡಿ ತುಟಿ ಬಿಗಿದುಕೊಂಡ. ಆ ನೋಟ ನನಗೆ ಗೊತ್ತು. ಆ ವರ್ಷವೇ ನಾನು ಜುಟ್ಟು ತೆಗೆಸಿ ಕ್ರಾಪು ಬಿಟ್ಟಿದ್ದೆ. ಆವತ್ತು ಅಮ್ಮ ಊಟ ಮಾಡಿರಲಿಲ್ಲ. ಆಮೇಲೆ ಊಟ ಮಾಡಿದರೂ ನನ್ನ ತಲೆಯ ಕಡೆ ನೋಡುವುದನ್ನು ಬಿಟ್ಟಿದ್ದಳು. ಏನು ಹೇಳುವುದಿದ್ದರೂ ನನ್ನ ಹೊಟ್ಟೆಯನ್ನು ನೋಡಿಕೊಂಡು ಹೇಳುತ್ತಿದ್ದಳು.

ಪೂರಿಗಾಲಿಯ ರೈತ ಹಗ್ಗ ಹಿಡಿದು ಬಂದ. ಟೋಬಿಯನ್ನು ಸುತ್ತು ಹಾಕಿ ನೋಡಿದ. ಹಗ್ಗವನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದ.

"ಬ್ಯಾಡ ಬುಡಿ ಸಾಮಿ. ಜುಟ್ಟು ಬುಟ್ಟಿರೋನ್ನ ಓಯ್ದು ಗದ್ದೇಲಿ ಕಟ್ಟಾಕಿ ನರಿ ಕಾಯ್ಸುದ್ರೆ ನಮ್ಗೆ ಒಳ್ಳೇದಾಗಾಕಿಲ್ಲ. ಅಲ್ಲ, ಇವ್ನು ಬೊಗುಳುದ್ರೆ ನರಿ ಎದ್ರತದಾ? ಎದ್ರುಗ್ ಬಂದು ಪಂಚಾಂಗ ಕೇಳ್ತದೆ."

ಬಿಸಿಲು ಇಳಿಯುವ ಹೊತ್ತಿಗೆ ಅದೇ ಇದ್ದಿಲು ಬಸ್ಸಿನಲ್ಲಿ, ಮಸಿ ತಾಗದಂತೆ ಅವನನ್ನು ನನ್ನ ಕೋಟಿನೊಳಗೆ ಸೇರಿಸಿಕೊಂಡು ಮನೆಗೆ ಬಂದೆ. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಕಣ್ಣು ಊದಿತ್ತು. ಕೋಟಿನಿಂದ ಮೊದಲು ಹೊರಬಂದದ್ದು ಜುಟ್ಟು. ಅವಳು ಬಾಯಿಗೆ ಸೆರಗು ತುರುಕಿಕೊಂಡಳು, ತಡೆಯಲಾಗಲಿಲ್ಲ, ನಕ್ಕು ನಕ್ಕು ಜಗಲಿಯ ಮೇಲೆ ಕುಸಿದು ಕೂತಳು. ಆ ಸದ್ದಿಗೆ ಅಮ್ಮ ಹೊರಗೆ ಬಂದಳು.

ಅಮ್ಮ ನಗಲಿಲ್ಲ. ಟೋಬಿಯ ಮುಂದೆ ನಿಂತು ಬಹಳ ಹೊತ್ತು ನೋಡಿದಳು. ಅವನೂ ಬಾಲ ಮಡಚಿ, ನೆಟ್ಟಗೆ ಕೂತು, ಅವಳ ಮುಖವನ್ನೇ ನೋಡುತ್ತಿದ್ದ. ಎಂದೂ ನಾಯಿಯನ್ನು ಮುಟ್ಟದ ಅಮ್ಮ ಬಗ್ಗಿ, ಸಡಿಲವಾಗಿದ್ದ ಜುಟ್ಟಿನ ಗಂಟನ್ನು ಬಿಗಿ ಮಾಡಿದಳು.

"ನಿಮ್ಮಪ್ಪ ಹೀಗೇ ಕಟ್ಟಿಕೊಳ್ತಿದ್ದರು" ಅಂದಳು. ಆಮೇಲೆ ಬಾಗಿಲಿಂದ ಪಕ್ಕಕ್ಕೆ ಸರಿದು, "ಒಳಗೆ ಬಾರಪ್ಪ" ಎಂದಳು.

ಬದುಕಿದೆ ಎಂದು ನಾನು ಹೊಸಿಲ ಮೇಲೆ ಕಾಲಿಟ್ಟೆ. ಅಮ್ಮನ ಊರುಗೋಲು ನನ್ನ ಎದೆಗೆ ಅಡ್ಡ ಬಂತು.

"ನಿನ್ನನ್ನಲ್ಲ, ಅವನನ್ನ ಕರೆದದ್ದು. ಈ ಮನೇಲಿ ಜುಟ್ಟು ಇರೋ ಗಂಡಸು ಅವನೊಬ್ಬನೇ. ನಿನ್ನ ಮೈಮೇಲೆಲ್ಲ ಕ್ಷೌರದ ಕೂದಲಿದೆ. ನೀನು ಹಿತ್ತಲಿಂದ ಸುತ್ತಿಕೊಂಡು ಬಂದು ಸ್ನಾನ ಮಾಡು, ಶುಚಿಯಾಗಿದ್ದರೆ ಒಳಗೆ ಬರೋದನ್ನ ಆಮೇಲೆ ನೋಡೋಣ."